ನಲವತ್ತೈದು

ಕಿಟಕಿ ಉತ್ತರಕ್ಕೆ. ಟ್ಯೂಬ್‌ಲೈಟ್ ಆರಿಸಿದ್ದೇನೆ.
ಈ ಪುಸ್ತಕವನ್ನು ಹಗಲ ಬೆಳಕಲ್ಲೇ ಓದಿಸಬೇಕು,
ಪುಟಕ್ಕೆ ಮೂರೇ ಸೆಕೆಂಡು.
ಬೆರಳು ತಾಗಿಸುವಂತಿಲ್ಲ, ಬೆವರಿಗೆ ಬಣ್ಣ ಸಾಯುತ್ತದೆ;
ಅದಕ್ಕೇ ಕೈಗೊಂದು ಕುಂಚ ಕೊಡುತ್ತೇನೆ.

ದಾವಣಗೆರೆ ಪಿ.ಜೆ. ಬಡಾವಣೆಯ ಈ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ನನ್ನದು ಪುಟ ತಿರುಗಿಸುವ ಕೆಲಸ.
ರೈಲ್ವೆಗೆ ಹೋಗುವವರು, ಪೊಲೀಸಿಗೆ ಹೋಗುವವರು,
ಲಾರಿ ಲೈಸೆನ್ಸಿನವರು.
ವಿಮಾನಕ್ಕೆಂದು ಬಂದವನು ಇವನೊಬ್ಬನೇ:
ಚಳ್ಳಕೆರೆ ಕಡೆಯ ಪಾಲಾಕ್ಷ. ಹದಿನೆಂಟು ತುಂಬಿದೆ.
ಜೊತೆಗೆ ತಾಯಿ, ತಾಯಿಯ ತೊಡೆಯ ಮೇಲೆ ಫೈಲು,
ಫೈಲಿನೊಳಗೆ ಫ್ಲೈಯಿಂಗ್ ಸ್ಕೂಲಿನ ನುಣುಪು ಕಾಗದ.
‘ಬೆಂಗಳೂರಿಗೆ ಹೋಗೋ ಮುಂಚೆ
ಒಂದು ಸಲ ಇಲ್ಲೇ ನೋಡಿಬಿಡ್ರಿ ಮೇಡಂ.’

ಹಣೆಗಣ್ಣಿನವನ ಹೆಸರು. ನಗು ಬಂತು, ನುಂಗಿಕೊಂಡೆ.

ಮೊದಲ ಪುಟ ಹನ್ನೆರಡು. ಅದು ಎಲ್ಲರಿಗೂ ಕಾಣುತ್ತದೆ,
ಸುಳ್ಳು ಹೇಳಲು ಬಂದವರಿಗೂ.
ಆಮೇಲೆ ಅವನು ಶುರುಮಾಡಿದ:
ಎಂಟು, ಆರು, ಇಪ್ಪತ್ತೊಂಬತ್ತು, ಐವತ್ತೇಳು,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ,
ಪುಟ ಪೂರ್ತಿ ತಿರುಗುವ ಮೊದಲೇ.
ಕಣ್ಣು ಪುಸ್ತಕದ ಮೇಲಿರಲಿಲ್ಲ, ನನ್ನ ಬೆರಳ ಮೇಲಿತ್ತು.
ಏನೂ ಅನ್ನಲಿಲ್ಲ ನಾನು.
ನಾಲ್ಕು ಪುಟ ಹಾರಿಸಿ ತೆರೆದೆ. ಮತ್ತೆ ಹಿಂದಕ್ಕೆ ಬಂದೆ.

ಎಪ್ಪತ್ತನಾಲ್ಕು ಇದ್ದಲ್ಲಿ ಇಪ್ಪತ್ತೊಂದು ಅಂದ.
ಐದು ಇದ್ದಲ್ಲಿ ಎರಡು.
ಆಮೇಲೆ ಬಾಯಿ ಬಿಡಲಿಲ್ಲ.
ಕೆಳಗೆ ಮಂಡಕ್ಕಿ ಗಾಡಿಯವನು ಮೆಣಸಿನಕಾಯಿ ಬಿಡುತ್ತಿದ್ದ,
ಎಣ್ಣೆಯ ಘಾಟು ಮೆಟ್ಟಿಲು ಹತ್ತಿ ಬಂತು.
‘ಹಗಲೂ ರಾತ್ರಿ ಓದ್ಯಾನ್ರಿ,
ಗಾಬರಿಗೆ ಮರೆತಿರ್ತಾನೆ,’ ಅಂದಳು ತಾಯಿ.

ನಿಮ್ಮ ತಂದೆ ಏನು ಮಾಡುತ್ತಿದ್ದರು, ಕೇಳಿದೆ.
ಈ ಎಳೆ ಹೆಣ್ಣಿನೊಳಗಿಂದ ಹಾದು ಬರುತ್ತದೆ
ಹೆಣ್ಣಿಗೇ ಗೊತ್ತಾಗದಂತೆ.
ಕಂಬಳಿ ನೇಯುತ್ತಿದ್ದರಂತೆ. ಕರಿ ಉಣ್ಣೆ, ಬಿಳಿ ಉಣ್ಣೆ.
ಕುರಿಯ ಮೈಮೇಲೆ ಹಸಿರಿಲ್ಲವಲ್ಲ,
ಎಪ್ಪತ್ತು ವರ್ಷ ಆ ಕಣ್ಣು ಯಾರ ಕೈಗೂ ಸಿಕ್ಕಿಬೀಳಲಿಲ್ಲ.
‘ಅಂಚಿನ ಕೆಂಪು ದಾರ ಮಾತ್ರ
ನಮ್ಮವ್ವನೇ ಎತ್ತಿ ಕೊಡಬೇಕಿತ್ತು...’ ಅಂದವಳು
ಅಲ್ಲೇ ತಡೆದಳು.
ಮಗನ ಕಡೆ ನೋಡಲಿಲ್ಲ, ಸೆರಗಿನ ಅಂಚು ನೋಡಿಕೊಂಡಳು.

ಪುಸ್ತಕ ಮುಚ್ಚಬಹುದಿತ್ತು. ಎಲ್ಲ ಪುಟವೂ ಆಗಲೇಬೇಕೆಂಬುದು ನಿಯಮ.
ನಡುವೆ ಒಂದಿದೆ, ಖಾಲಿ ಪುಟ ಅನ್ನುತ್ತೇವೆ ನಾವು:
ಬರೀ ಚುಕ್ಕಿ,
ಹುರುಳಿ, ಹೆಸರು, ತೊಗರಿ ಕಲೆಸಿ ಚೆಲ್ಲಿದ ಹಾಗೆ.
‘ಏನೂ ಇಲ್ಲ’ ಅನ್ನುವುದೇ ಅದಕ್ಕೆ ಸರಿಯುತ್ತರ.
ಪಾಲಾಕ್ಷ ಮೊದಲ ಸಲ ಮುಂದಕ್ಕೆ ಬಾಗಿದ.
‘ನಲವತ್ತೈದು.’
ಕುಂಚ ತಗೊಂಡು ನಾಲ್ಕರ ಮೂಲೆ, ಐದರ ಹೊಟ್ಟೆ
ತಿದ್ದಿ ತೋರಿಸಿದ, ಅಂಗನವಾಡಿ ಮಗುವಿಗೆ ತೋರಿಸುವಂತೆ.
‘ನಿಮಗೆ ಕಾಣಲ್ವಾ ಮೇಡಂ?’

ಕಾಣುವುದಿಲ್ಲ.
ಹನ್ನೊಂದು ವರ್ಷ ದಿನಾ ತೆರೆದ ಪುಟ.

‘ಬೆಂಗಳೂರಲ್ಲಿ ಲಾಟೀನು ಪರೀಕ್ಷೆ ಐತಂತೆ?’
ಇದೆ ಅಂದೆ. ಕತ್ತಲ ಕೋಣೆ, ಎರಡು ಪುಟ್ಟ ದೀಪ,
ಕೆಂಪೋ ಹಸಿರೋ ಬಿಳಿಯೋ ಹೇಳಬೇಕು.
ರೇಡಿಯೋ ಕೆಟ್ಟರೆ ಗೋಪುರದಿಂದ ಬರುವ ಮಾತು ಅದೊಂದೇ.
ಹುಡುಗ ಕಿಟಕಿಯ ಆಚೆ ನೋಡುತ್ತಾ ಅಂದ:
‘ನಮ್ಮೂರ ಮೇಲೆ ಪೈಲಟ್ಟೇ ಇಲ್ಲದ ವಿಮಾನ ಹಾರ್ತಾವೆ.
ಅವಕ್ಕೆ ಯಾರು ಈ ಪುಸ್ತಕ ತೋರಿಸಿದ್ರು?’

ಫಾರಂನಲ್ಲಿ ಎರಡು ಚೌಕ. ಮೂರನೆಯದಿಲ್ಲ.
ತಪ್ಪಿದ ಪುಟಗಳ ಸಾಲಿನಲ್ಲಿ
ನಲವತ್ತೈದನ್ನೂ ತಪ್ಪು ಎಂದೇ ಬರೆದೆ.

ಅವರು ಬಸ್ಸಿಗೆ ಹೋದ ಮೇಲೆ, ಬೆಳಕಿರುವಾಗಲೇ,
ಆ ಪುಟ ತೆಗೆದು
ಅವನ ಕುಂಚ ಹೋದ ದಾರಿಯಲ್ಲಿ ಕುಂಚ ಎಳೆದೆ.
ಹುರುಳಿ. ಹೆಸರು. ತೊಗರಿ.
ಕುಂಚದ ಒಂದು ಕೂದಲು ಉದುರಿ ಪುಟದ ಮೇಲೆ ಕೂತಿತ್ತು,
ಊದಿದೆ.